ಅಪ್ಪಾಜಿಯ ರೂಟ್ 66, ಅಮ್ಮನ ನೀರಿನ ಬಾಟಲಿ

ಪ್ರಶ್ನೆ: ಅಕ್ಕಾ, ನಾವು ಷಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಅಪ್ಪಾಜಿ, ಅಮ್ಮ ಮೊದಲ ಸಲ ಬರುತ್ತಿದ್ದಾರೆ. ಅಪ್ಪಾಜಿಗೆ 67 ವರ್ಷ. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದವರು, ಬಹಳ ವರ್ಷ ರಾತ್ರಿ ಬಸ್ಸು ಓಡಿಸಿದವರು. ನನ್ನ ಏಳು ವರ್ಷದ ಮಗ ಫೋನಿನಲ್ಲಿ ‘ಕಾರ್ಸ್’ ಸಿನಿಮಾದ ಕಥೆ ಹೇಳಿ ಹೇಳಿ ಅವರಿಗೂ ರೂಟ್ 66 ಎಂಬ ಹಳೇ ಹೆದ್ದಾರಿಯ ಹುಚ್ಚು ಹಿಡಿಸಿದ್ದಾನೆ. ‘ಅಮೆರಿಕಾನ ಈ ದಡದಿಂದ ಆ ದಡಕ್ಕೆ ನೆಲದ ಮೇಲೇ ದಾಟಬೇಕು ಕಣವ್ವ’ ಅಂತಾರೆ. ಮೇ ತಿಂಗಳಲ್ಲಿ ನಮಗೆ 14 ದಿನ ರಜೆ ಸಿಗುತ್ತದೆ. ರೂಟ್ 66 ಹಿಡಿದು ಲಾಸ್ ಏಂಜಲೀಸ್, ಅಲ್ಲಿಂದ ಕಡಲ ದಂಡೆಯ ಹೈವೇ 1ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಆಮೇಲೆ ಗ್ಲೇಷಿಯರ್ ಪಾರ್ಕಿನ ಗೋಯಿಂಗ್ ಟು ದಿ ಸನ್ ರಸ್ತೆ ನೋಡಿಕೊಂಡು ವಾಪಸ್ ಬರುವುದು ಎಂದು ನಾನು ಯೋಜನೆ ಹಾಕಿದ್ದೇನೆ. ನನ್ನ ಗಂಡ, ‘ಇದೆಲ್ಲ ಆಗದ ಕೆಲಸ, ವಿಮಾನದಲ್ಲಿ ಹೋಗಿ ಬರೋಣ’ ಎನ್ನುತ್ತಾರೆ. ಇದೇ ಮಾತಿಗೆ ಮನೆಯಲ್ಲಿ ಜಗಳ. ನಾನು ಊರೊಳಗೆ ಕಾರು ಓಡಿಸುತ್ತೇನೆ, ದೊಡ್ಡ ಟ್ರಕ್ಕುಗಳ ಹೆದ್ದಾರಿಯಲ್ಲಿ ಕೈ ನಡುಗುತ್ತದೆ. ಅಪ್ಪಾಜಿ ‘ನಾನೂ ಓಡಿಸ್ತೀನಿ’ ಅಂತಾರೆ. ಬೇಡ ಅನ್ನಲು ಬಾಯಿ ಬರುತ್ತಿಲ್ಲ. ಅವರು ಮತ್ತೆ ಬರುತ್ತಾರೋ ಇಲ್ಲವೋ, ಈಗಲೇ ಎಲ್ಲ ತೋರಿಸಿಬಿಡಬೇಕು ಅನ್ನಿಸುತ್ತದೆ. ಅಮ್ಮನಿಗೆ 62. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಇದೆ. ಅಮ್ಮ ಎಲ್ಲದಕ್ಕೂ ಹೂಂ ಅಂತಾಳೆ. ಕಾರು ಹತ್ತಿದರೆ ನೀರು ಕುಡಿಯುವುದಿಲ್ಲ, ಅದೊಂದೇ ತೊಂದರೆ. ಏನು ಮಾಡಲಿ?
– ಹೆಸರು ಬೇಡ, ನೇಪರ್‌ವಿಲ್

ಉತ್ತರ: ತಂಗಿ, ನಿಮ್ಮ ಪತ್ರದ ತುಂಬ ಅಪ್ಪಾಜಿ ಇದ್ದಾರೆ, ರಸ್ತೆಗಳಿವೆ, ಯಜಮಾನರ ಜೊತೆಗಿನ ಜಗಳವಿದೆ. ಅಮ್ಮ ಬರುವುದು ಕೊನೆಯಲ್ಲಿ, ಸಣ್ಣ ಸಣ್ಣ ನಾಲ್ಕೈದು ವಾಕ್ಯಗಳಲ್ಲಿ. ನನ್ನ ಉತ್ತರ ಅಲ್ಲಿಂದಲೇ ಶುರುವಾಗಬೇಕು.

ಕಾರು ಹತ್ತಿದರೆ ಅಮ್ಮ ಯಾಕೆ ನೀರು ಕುಡಿಯುವುದಿಲ್ಲ? ‘ಗಾಡಿ ನಿಲ್ಲಿಸಿ’ ಎಂದು ಕೇಳಲು ಸಂಕೋಚ, ಅಷ್ಟೇ. ಅಳಿಯನ ಮುಂದೆ ಮತ್ತೆ ಮತ್ತೆ ಕೇಳುವುದು ಇನ್ನೂ ಕಷ್ಟ. ನಮ್ಮ ಬಸ್‌ಸ್ಟ್ಯಾಂಡುಗಳ ಶೌಚಾಲಯ ಕಂಡ ತಲೆಮಾರಿನ ಹೆಂಗಸರೆಲ್ಲ ಕಲಿತ ಅಭ್ಯಾಸ ಇದು. ಆದರೆ ಸಕ್ಕರೆ ಕಾಯಿಲೆ, ಬಿಪಿ ಇರುವವರು ಬಾಯಾರಿಕೊಂಡು ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಅದು ಬರೀ ಸಂಕೋಚದ ವಿಷಯವಾಗಿ ಉಳಿಯುವುದಿಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಕೂತು ಪ್ರಯಾಣ ಮಾಡುವವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಾರೆ. ವಯಸ್ಸಾದವರಿಗೆ ಇನ್ನೂ ಹೆಚ್ಚು. ನೀವು ಹೋಗುವ ಅರಿಜೋನಾ, ಮೊಹಾವಿ ಮರುಭೂಮಿ ಒಣ ನೆಲ. ಅಲ್ಲಿ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುತ್ತದೆ, ನೀರು ಕಡಿಮೆಯಾಗಿದ್ದು ಗೊತ್ತೇ ಆಗುವುದಿಲ್ಲ. ಹಾಗಾಗಿ ಈ ಪ್ರವಾಸದ ಅಳತೆಗೋಲು ಅಮ್ಮನ ಶರೀರ ಆಗಬೇಕು. ದಿನಕ್ಕೆ ಎಷ್ಟು ದೂರ, ಎಲ್ಲೆಲ್ಲಿ ನಿಲ್ಲಬೇಕು, ಯಾವ ರಸ್ತೆ ಬೇಕು, ಯಾವುದು ಬೇಡ, ಎಲ್ಲಕ್ಕೂ ಅದೇ ಲೆಕ್ಕ.

ಈಗ ನಿಮ್ಮ ಯೋಜನೆಗೆ ಬರುತ್ತೇನೆ. ರೂಟ್ 66 ಪೂರ್ತಿ ಹೋದರೆ ಸುಮಾರು 3,900 ಕಿ.ಮೀ. ಕಡಲ ದಂಡೆಯ ದಾರಿ ಇನ್ನೊಂದು ಏಳುನೂರು ಚಿಲ್ಲರೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಗ್ಲೇಷಿಯರ್, ಅಲ್ಲಿಂದ ನಿಮ್ಮ ಮನೆ ಸೇರಿಸಿದರೆ ಒಟ್ಟು ಒಂಬತ್ತು ಸಾವಿರ ಕಿ.ಮೀ. ಆಸುಪಾಸು. 14 ದಿನಕ್ಕೆ ಹಂಚಿ ನೋಡಿ: ಒಂದು ದಿನವೂ ವಿಶ್ರಾಂತಿ ಇಲ್ಲದೆ ದಿನಕ್ಕೆ 640 ಕಿ.ಮೀ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ಅದೇ ದಿನ ವಾಪಸ್ ಬಂದು, ಮನೆಗೆ ಹೋಗದೆ ಹುಬ್ಬಳ್ಳಿ ದಾರಿ ಹಿಡಿದ ಹಾಗೆ. ಹೀಗೆ ಹದಿನಾಲ್ಕು ದಿನ. ಓಡಿಸುವವರು ಒಬ್ಬರೇ, ನಿಮ್ಮ ಯಜಮಾನರು. ‘ಆಗದ ಕೆಲಸ’ ಎಂದು ಅವರು ಹೇಳಿದ್ದು ನಿಮ್ಮ ತಂದೆತಾಯಿಯ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಐದು ಜನರ ಜೀವ ಎರಡು ವಾರ ತಮ್ಮ ಕಣ್ಣುರೆಪ್ಪೆಯ ಮೇಲೆ ನಿಲ್ಲುತ್ತದೆ ಎಂಬ ಭಯ ಅವರದು. ಅದನ್ನು ಬಾಯಿಬಿಟ್ಟು ಹೇಳಲು ಆಗದೆ ವಿಮಾನದ ಮಾತು ಎತ್ತಿದ್ದಾರೆ ಎಂದೇ ನಾನು ತಿಳಿಯುತ್ತೇನೆ. ಮೊದಲು ಹೋಗಿ ಅವರ ಜೊತೆ ರಾಜಿಯಾಗಿ.

ಗ್ಲೇಷಿಯರ್ ಅಂತೂ ಮೇ ತಿಂಗಳಲ್ಲಿ ಆಗುವುದೇ ಇಲ್ಲ. ಗೋಯಿಂಗ್ ಟು ದಿ ಸನ್ ರಸ್ತೆ ಎರಡು ಸಾವಿರ ಮೀಟರಿಗೂ ಎತ್ತರದ ಲೋಗನ್ ಕಣಿವೆಯನ್ನು ಹತ್ತಿ ಇಳಿಯುತ್ತದೆ. ಅಲ್ಲಿಯ ಹಿಮ ತೆಗೆದು ರಸ್ತೆ ಪೂರ್ತಿ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆಗೆ, ಕೆಲವು ವರ್ಷ ಜುಲೈಗೆ. ಹೈವೇ 1ರ ಬಿಗ್ ಸರ್ ಭಾಗವೂ ನಂಬಿ ಹೊರಡುವ ರಸ್ತೆಯಲ್ಲ. ಬೆಟ್ಟ ಕಡಿದು 1937ರಲ್ಲಿ ಮುಗಿಸಿದ ಆ ದಾರಿಯ ಮೇಲೆ ಗುಡ್ಡ ಕುಸಿಯುತ್ತಲೇ ಇರುತ್ತದೆ. 2017ರಲ್ಲಿ ಮಡ್ ಕ್ರೀಕ್ ಎಂಬಲ್ಲಿ ಕುಸಿದಾಗ ಮತ್ತೆ ತೆರೆಯಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಸುತ್ತು ಸುತ್ತು ತಿರುವುಗಳಲ್ಲಿ ಅಮ್ಮನಿಗೆ ತಲೆ ಸುತ್ತಿದರೆ ಆ ಸೌಂದರ್ಯ ಅವರ ಪಾಲಿಗೆ ಬರುವುದೂ ಇಲ್ಲ. ಇವೆರಡನ್ನೂ ನಿಮ್ಮ ಮಗ ದೊಡ್ಡವನಾದ ಮೇಲೆ ನೀವು ಮೂವರೇ ಹೋಗಿ ನೋಡಿ.

ಉಳಿದದ್ದು ರೂಟ್ 66. ಅದನ್ನು ಬಿಡಬೇಡಿ. ಅಪ್ಪಾಜಿಯ ಆಸೆ ದೊಡ್ಡದು, ಚೆಂದದ್ದು. ಆದರೆ ಅವರು ಕೇಳಿದ್ದು ದೇಶವನ್ನು ನೆಲದ ಮೇಲೆ ದಾಟಬೇಕು ಎಂದು. ಎಲ್ಲವನ್ನೂ ಕಾರಿನಲ್ಲೇ ಎಂದು ಸೇರಿಸಿದ್ದು ನೀವು. ನಿಮ್ಮ ಮನೆಯ ಹತ್ತಿರದ ನೇಪರ್‌ವಿಲ್ ನಿಲ್ದಾಣದಲ್ಲೇ ಆಮ್‌ಟ್ರಾಕ್‌ನ ಸೌತ್‌ವೆಸ್ಟ್ ಚೀಫ್ ರೈಲು ನಿಲ್ಲುತ್ತದೆ, ದಿನಾ. ಮಧ್ಯಾಹ್ನ ಹತ್ತಿದರೆ ಸಂಜೆ ಬೆಳಕಿನಲ್ಲಿ ಫೋರ್ಟ್ ಮ್ಯಾಡಿಸನ್ ಬಳಿ ಮಿಸಿಸಿಪ್ಪಿ ನದಿ ದಾಟುತ್ತದೆ, ರಾತ್ರಿ ಕಾನ್ಸಾಸ್‌ನ ಬಯಲಿನಲ್ಲಿ ಓಡುತ್ತದೆ, ಬೆಳಿಗ್ಗೆ ಕೊಲರಾಡೊದಿಂದ ರಟೋನ್ ಕಣಿವೆ ಹತ್ತಿ ನ್ಯೂ ಮೆಕ್ಸಿಕೊಗೆ ಇಳಿಯುತ್ತದೆ. ಅದೇ ಸಂಜೆ ಆಲ್ಬಕರ್ಕಿ. ಅಲ್ಲಿ ಇಳಿದು ಮುಂದೆ ಬಾಡಿಗೆ ಕಾರು. ಈ ರೈಲು ಅಲ್ಲಿಯ ತನಕ 66ರ ಪಕ್ಕದಲ್ಲಿ ಹೋಗುವುದಿಲ್ಲ, ಅದು ನಿಜ. ಆದರೆ ಲಾಸ್ ಏಂಜಲೀಸ್ ದಾರಿಯ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೇ ದಾಟಿದ ಹಾಗಾಗುತ್ತದೆ. ಅಮ್ಮ ಕಾಲು ಚಾಚಿ ಮಲಗಬಹುದು, ಎದ್ದು ಓಡಾಡಬಹುದು, ಯಾರನ್ನೂ ಕೇಳದೆ ಶೌಚಕ್ಕೆ ಹೋಗಬಹುದು. ನಿಮ್ಮ ಯಜಮಾನರೂ ಕಿಟಕಿಯಿಂದ ಹೊರಗೆ ನೋಡಬಹುದು. ಇದು ಎರಡು ಅಂತಸ್ತಿನ ರೈಲು, ಮೇಲೆ ಹತ್ತುವ ಮೆಟ್ಟಿಲು ಕಿರಿದು. ಮಂಡಿನೋವಿದೆ ಎಂದು ಹೇಳಿ ಕೆಳ ಅಂತಸ್ತಿನಲ್ಲಿ ಮಲಗುವ ಕೋಣೆ ಕೇಳಿ. ಊಟವನ್ನು ಕೋಣೆಗೇ ತಂದುಕೊಡಲು ಹೇಳಬಹುದು. ದೂರದ ರೈಲುಗಳು ಗಂಟೆಗಟ್ಟಲೆ ತಡವಾಗುವುದು ಅಲ್ಲಿಯೂ ಉಂಟು. ಹಾಗಾಗಿ ಇಳಿದ ದಿನ ಕಾರು ಮುಟ್ಟಬೇಡಿ. ಮರುದಿನವೂ ಆಲ್ಬಕರ್ಕಿಯಲ್ಲೇ ಇರಿ. ಆ ಊರಿನ ಸೆಂಟ್ರಲ್ ಅವೆನ್ಯೂ ಎಂದರೆ ರೂಟ್ 66ರದೇ ಹಳೆಯ ದಾರಿ.

‘ಶುರುವಿನ ಭಾಗ ತಪ್ಪಿಹೋಯಿತಲ್ಲ’ ಎಂದು ಅಪ್ಪಾಜಿ ಹೇಳಬಾರದು. ಅದಕ್ಕೆ ಏಪ್ರಿಲ್ ಕೊನೆಯ ಒಂದು ಶನಿವಾರ, ಭಾನುವಾರ ಸಾಕು. ಷಿಕಾಗೋದ ಆಡಮ್ಸ್ ಬೀದಿಯಲ್ಲಿ ‘66 ಇಲ್ಲಿಂದ ಶುರು’ ಎನ್ನುವ ಫಲಕದ ಕೆಳಗೆ ತಾತ ಮೊಮ್ಮಗನ ಫೋಟೊ ತೆಗೆಯಿರಿ. ಲೆಮಾಂಟ್‌ನ ರಾಮನ ಗುಡಿಯಲ್ಲಿ ಕೈಮುಗಿದು ಪಾಂಟಿಯಾಕ್‌ನ ರೂಟ್ 66 ಮ್ಯೂಸಿಯಂ ನೋಡಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಲಿಂಕನ್ ಮನೆ, ಸಮಾಧಿ ನೋಡಿ ಒಂದು ರಾತ್ರಿ ತಂಗಿ ಬನ್ನಿ. ಇದು ಪರೀಕ್ಷೆಯೂ ಹೌದು. ಅಮ್ಮನಿಗೆ ಎಷ್ಟು ಹೊತ್ತಿಗೊಮ್ಮೆ ಇಳಿಯಬೇಕಾಗುತ್ತದೆ, ಹಿಂದಿನ ಸೀಟಿನಲ್ಲಿ ಕಾಲು ಊದುತ್ತದೆಯೇ, ಮೋಟೆಲ್ ಹಾಸಿಗೆಯಲ್ಲಿ ನಿದ್ದೆ ಬರುತ್ತದೆಯೇ ಎಂಬುದೆಲ್ಲ ಈ ಎರಡು ದಿನದಲ್ಲಿ ಗೊತ್ತಾಗುತ್ತದೆ. ನೀವೂ ಭಾನುವಾರ ಬೆಳಿಗ್ಗೆ ಟ್ರಕ್ಕು ಕಡಿಮೆ ಇದ್ದಾಗ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ನೋಡಿ, ಅಪ್ಪಾಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಟ್ರಕ್ಕಿನ ಪಕ್ಕ ಹೇಗೆ ಹಾಯಬೇಕು ಎಂದು ಹೇಳಿಕೊಡಲು ಅವರಿಗಿಂತ ಒಳ್ಳೆಯ ಗುರು ನಿಮಗೆ ಎಲ್ಲಿ ಸಿಗುತ್ತಾರೆ?

ಆಲ್ಬಕರ್ಕಿಯಿಂದ ಸಾಂಟಾ ಮೋನಿಕಾದ ತನಕ ಬಾಡಿಗೆ ಕಾರು. ಅಲ್ಲೇ ಬಿಟ್ಟು ವಿಮಾನದಲ್ಲಿ ಮನೆಗೆ ಬನ್ನಿ, ಸುಮಾರು ನಾಲ್ಕು ಗಂಟೆಯ ಹಾರಾಟ. ಒಂದೂರಲ್ಲಿ ಕಾರು ತೆಗೆದುಕೊಂಡು ಇನ್ನೊಂದೂರಲ್ಲಿ ಬಿಟ್ಟರೆ ಹೆಚ್ಚುವರಿ ಹಣ ಕೇಳುತ್ತಾರೆ, ಕೊಡಿ. ಬಂದ ದಾರಿಯಲ್ಲೇ ಸುಸ್ತಾಗಿ ವಾಪಸ್ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಈ ರಸ್ತೆಯ ಬಗ್ಗೆ ಒಂದು ಮಾತು ಗೊತ್ತಿರಬೇಕು. 1926ರ ನವೆಂಬರ್‌ನಲ್ಲಿ ಹುಟ್ಟಿದ ರೂಟ್ 66 ಎಂಟು ರಾಜ್ಯ ಹಾಯ್ದು ಷಿಕಾಗೋವನ್ನು ಪಶ್ಚಿಮ ಕರಾವಳಿಗೆ ಕೂಡಿಸಿತು. 2026 ಅದರ ನೂರನೇ ವರ್ಷ. 1956ರ ಕಾನೂನಿನಿಂದ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದವು, ಒಂದೊಂದೇ ಊರನ್ನು ಬದಿಗೆ ಸರಿಸಿದವು, 1985ರಲ್ಲಿ 66 ಎಂಬ ಸಂಖ್ಯೆಯನ್ನೇ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದರು. ಅರಿಜೋನಾದ ಸೆಲಿಗ್‌ಮನ್ ಎಂಬ ಪುಟ್ಟ ಊರಿನ ಕ್ಷೌರಿಕ ಏಂಜಲ್ ಡೆಲ್ಗಡಿಲ್ಲೊ, ಹೆದ್ದಾರಿ ಬದಲಾದ ಮೇಲೆ ತಮ್ಮ ಬೀದಿ ಬಿಕೋ ಎಂದದ್ದನ್ನು ಕಂಡು, 1987ರಲ್ಲಿ ಊರವರನ್ನು ಸೇರಿಸಿ ಸಂಘ ಕಟ್ಟಿ, ಹಳೇ ದಾರಿಯನ್ನು ಐತಿಹಾಸಿಕ ರಸ್ತೆ ಎಂದು ರಾಜ್ಯ ಸರ್ಕಾರ ಒಪ್ಪುವಂತೆ ಮಾಡಿದರು. ನಿಮ್ಮ ಮಗನ ‘ಕಾರ್ಸ್’ ಸಿನಿಮಾ ಮಾಡಿದವರು ಆ ಊರು ಬರಿದಾದ ಕಥೆಯನ್ನು ಅವರಿಂದಲೇ ಕೇಳಿದರು. ಇದನ್ನು ಮಗನಿಗೂ ಅಪ್ಪಾಜಿಗೂ ಮೊದಲೇ ಹೇಳಿ. ಇದು ತಿಳಿದಿದ್ದರೆ ಮುಚ್ಚಿದ ಒಂದು ಪೆಟ್ರೋಲ್ ಬಂಕ್ ಕೂಡ ನಿಂತು ನೋಡುವಂತಾಗುತ್ತದೆ.

ಸಂಖ್ಯೆ ಇಲ್ಲದ ರಸ್ತೆಯಾದ್ದರಿಂದ ಫೋನಿನ ಮ್ಯಾಪ್ ನಿಮ್ಮನ್ನು ಪ್ರತಿ ಸಲ ಇಂಟರ್‌ಸ್ಟೇಟ್ 40ಕ್ಕೆ ಎಳೆಯುತ್ತದೆ. ಎಷ್ಟೋ ಕಡೆ ಸಿಗ್ನಲ್ಲೂ ಇರುವುದಿಲ್ಲ. ಹಳೇ ದಾರಿ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮತ್ತೆ ಹೆದ್ದಾರಿ ಸೇರಬೇಕು ಎಂದು ತಿರುವು ತಿರುವಿಗೂ ಬರೆದಿರುವ, ಜೆರಿ ಮೆಕ್‌ಕ್ಲಾನಹನ್ ಅವರ ‘ಈಜಿ 66 ಗೈಡ್’ ಎಂಬ ಪುಸ್ತಕವಿದೆ. ಅದನ್ನು ತರಿಸಿ ಅಪ್ಪಾಜಿಯ ಕೈಗೆ ಕೊಡಿ, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ದಾರಿ ಹೇಳುವುದು ಅವರ ಕೆಲಸ. ಅದಕ್ಕಿಂತ ದೊಡ್ಡದು ಇನ್ನೊಂದು ಕೆಲಸವಿದೆ: ಇವತ್ತಿಗೆ ಸಾಕು ಎಂದು ಗಾಡಿ ನಿಲ್ಲಿಸುವ ಅಧಿಕಾರ. ಸ್ಟೇರಿಂಗ್ ಹಿಡಿದವನಿಗೆ ತೂಕಡಿಕೆ ಬರುವುದು ಅವನಿಗಿಂತ ಮೊದಲು ಪಕ್ಕದಲ್ಲಿರುವ ಅನುಭವಿಗೆ ಗೊತ್ತಾಗುತ್ತದೆ. ರಾತ್ರಿ ಬಸ್ಸಿನ ಡ್ರೈವರ್‌ಗೆ ಅದನ್ನು ಕಲಿಸಿಕೊಡಬೇಕೇ? ಅವರು ನಿಲ್ಲಿಸು ಎಂದರೆ ನಿಲ್ಲಿಸಬೇಕು, ವಾದ ಮಾಡಬಾರದು ಎಂದು ಹೊರಡುವ ಮೊದಲೇ ನಿಮ್ಮ ಯಜಮಾನರು ಎಲ್ಲರೆದುರು ಹೇಳಲಿ.

ಅಪ್ಪಾಜಿ ಓಡಿಸಬಹುದೇ? ಒಂದು ಚೂರು, ಹೌದು. ಕಾಗದಪತ್ರ ಮೊದಲು: ಅವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು. ಅದನ್ನು ಪಾಸ್‌ಪೋರ್ಟ್, ವೀಸಾ ತೋರಿಸಿ ದಾವಣಗೆರೆ ಆರ್‌ಟಿಒದಲ್ಲೇ ಮಾಡಿಸಿಕೊಂಡು ಬರಬೇಕು, ಅಮೆರಿಕಕ್ಕೆ ಬಂದ ಮೇಲೆ ಸಿಗುವುದಿಲ್ಲ. ಬಾಡಿಗೆ ಕಾರಿನ ಒಪ್ಪಂದದಲ್ಲಿ ಅವರ ಹೆಸರೂ ಎರಡನೇ ಚಾಲಕ ಎಂದು ಬರೆದಿರಬೇಕು, ಇಲ್ಲದಿದ್ದರೆ ವಿಮೆಯವರು ಕೈಯೆತ್ತುತ್ತಾರೆ. ಆಯಾ ರಾಜ್ಯದ ನಿಯಮವನ್ನೂ ನೋಡಿಕೊಳ್ಳಿ. ಮೊದಲು ನಿಮ್ಮೂರಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ, ನಿಮ್ಮ ಕಾರಿನ ವಿಮೆ ಒಪ್ಪಿದರೆ, ಎಡಗಡೆ ಸ್ಟೇರಿಂಗ್ ಅಭ್ಯಾಸವಾಗಲಿ. ಆಮೇಲೆ ಸೆಲಿಗ್‌ಮನ್‌ನಿಂದ ಕಿಂಗ್‌ಮನ್ ಕಡೆಗೆ ಹೋಗುವ ಹಳೇ 66ರಲ್ಲಿ ಒಂದು ಅರ್ಧ ಗಂಟೆ ಸ್ಟೇರಿಂಗ್ ಕೊಡಿ. ನೇರ ದಾರಿ, ವಾಹನ ಕಡಿಮೆ, ಎರಡೂ ಕಡೆ ಹುಲ್ಲುಗಾವಲು. ಅಪಾಯ ಎಲ್ಲಿದೆ ಎಂದರೆ, ಖಾಲಿ ರಸ್ತೆಯಲ್ಲೇ ಇದೆ. ಎದುರಿಗೆ ಯಾರೂ ಇಲ್ಲದಾಗ, ಬಂಕಿನಿಂದ ಹೊರಗೆ ಬರುವಾಗ, ಹಳೇ ಅಭ್ಯಾಸದ ಕೈ ಗಾಡಿಯನ್ನು ಎಡಕ್ಕೆ ತಿರುಗಿಸಿಬಿಡುತ್ತದೆ. ಪ್ರತಿ ಸಲ ಹೊರಡುವಾಗ ನಿಮ್ಮ ಯಜಮಾನರು ಪಕ್ಕದಿಂದ ‘ಬಲಗಡೆ’ ಎಂದು ಹೇಳಲಿ. ಕಿಂಗ್‌ಮನ್ ಆಚೆಯ ಓಟ್‌ಮನ್ ಘಾಟಿ ಮಾತ್ರ ಯಾರಿಗೂ ಬೇಡ. ಕಿರಿದು, ಕಡಿದಾದ ತಿರುವು, ಪಕ್ಕದಲ್ಲಿ ಪ್ರಪಾತ. ಇಂಟರ್‌ಸ್ಟೇಟ್‌ನಲ್ಲಿ ಅಪ್ಪಾಜಿಗೆ ಸ್ಟೇರಿಂಗ್ ಕೊಡಬೇಡಿ. ‘ಅಪ್ಪಾಜಿ, ನಿಮ್ಮ ಕೈ ಮೇಲೆ ಅನುಮಾನ ಇಲ್ಲ, ಈ ದೇಶದ ರಸ್ತೆ ನಿಮಗೆ ಹೊಸದು’ ಎಂದು ನೇರವಾಗಿ ಹೇಳಿ. ಅಷ್ಟು ವರ್ಷ ಪ್ರಯಾಣಿಕರನ್ನು ಸುರಕ್ಷಿತವಾಗಿ ಮನೆ ಸೇರಿಸಿದವರಿಗೆ ಈ ಮಾತು ಖಂಡಿತ ಅರ್ಥವಾಗುತ್ತದೆ.

ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಚಕ್ರ ಉರುಳುವುದು ಬೇಡ. ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ಮೂರರೊಳಗೆ ತಂಗುವ ಊರು ಸೇರಿಬಿಡಿ. ಪಶ್ಚಿಮಕ್ಕೆ ಹೋಗುವವರಿಗೆ ಸಂಜೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಆಲ್ಬಕರ್ಕಿಯಿಂದ ಗ್ಯಾಲಪ್ ಒಂದು ದಿನ. ಮರುದಿನ ಪೆಟ್ರಿಫೈಡ್ ಫಾರೆಸ್ಟ್: ಕೋಟ್ಯಂತರ ವರ್ಷ ಹಿಂದಿನ ಮರದ ದಿಮ್ಮಿಗಳು ಬಣ್ಣ ಬಣ್ಣದ ಕಲ್ಲಾಗಿ ಬಿದ್ದಿರುವ ಜಾಗ. ಹಳೇ 66 ಹಾದುಹೋಗಿದ್ದ ಗುರುತಿಗೆ ಅಲ್ಲಿ 1932ರ ಒಂದು ತುಕ್ಕು ಹಿಡಿದ ಸ್ಟುಡಿಬೇಕರ್ ಕಾರು ನಿಲ್ಲಿಸಿದ್ದಾರೆ, ಹಿಂದೆ ತಂತಿ ಕಂಬಗಳ ಸಾಲು ಉಳಿದಿದೆ. ಹಾಲ್‌ಬ್ರೂಕ್, ವಿನ್ಸ್ಲೊ, ಫ್ಲ್ಯಾಗ್‌ಸ್ಟಾಫ್ ಎಲ್ಲ ಹತ್ತಿರ ಹತ್ತಿರ ಸಿಗುವ ಊರುಗಳು, ಆತುರ ಬೇಡ.

ಗ್ರ್ಯಾಂಡ್ ಕ್ಯಾನ್ಯನ್‌ಗೆ ಎರಡು ರಾತ್ರಿ ಇಡಿ. ದಕ್ಷಿಣ ಅಂಚಾದ ಸೌತ್ ರಿಮ್‌ನಲ್ಲಿ ಉಚಿತ ಬಸ್ಸು ಓಡಾಡುತ್ತದೆ, ಗಾಲಿಕುರ್ಚಿ ಸಿಗುತ್ತದೆ. ನಡೆಯಲು ಕಷ್ಟವಿರುವವರ ಕಾರಿಗೆ, ಉಳಿದವರಿಗೆ ಮುಚ್ಚಿರುವ ರಸ್ತೆಗೂ ಹೋಗಲು ವಿಶೇಷ ಪರ್ಮಿಟ್ ಕೊಡುತ್ತಾರೆ. ಒಳಗೆ ಹೋಗುವಾಗಲೇ ಕೇಳಿ ಪಡೆಯಿರಿ. ಅಮ್ಮ ಒಂದು ಹೆಜ್ಜೆ ಹೆಚ್ಚು ನಡೆಯದೆ ಅದನ್ನು ಕಣ್ತುಂಬ ನೋಡಬಹುದು. ಎರಡು ಸಾವಿರ ಮೀಟರ್ ಎತ್ತರ, ಮೇ ತಿಂಗಳಲ್ಲೂ ರಾತ್ರಿ ಕೊರೆಯುವ ಚಳಿ. ಸ್ವೆಟರ್, ಶಾಲು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ವಿದೇಶದಿಂದ ಬಂದವರಿಗೆ ರಾಷ್ಟ್ರೀಯ ಉದ್ಯಾನಗಳ ಶುಲ್ಕ 2026ರಿಂದ ಹೆಚ್ಚಾಗಿದೆ, ನೋಡಿಕೊಂಡು ಲೆಕ್ಕ ಹಾಕಿ. ಕಿಂಗ್‌ಮನ್‌ನಿಂದ ಬಾರ್‌ಸ್ಟೊ ಮಾತ್ರ ಉದ್ದದ ದಿನ. ಮೊಹಾವಿಯಲ್ಲಿ ಹಳೇ ರಸ್ತೆಯ ಸೇತುವೆಗಳು ಮಳೆಗೆ ಹಾಳಾಗಿ ಆಗಾಗ ದಾರಿ ಮುಚ್ಚಿರುತ್ತದೆ. ಅಲ್ಲಿ ಇಂಟರ್‌ಸ್ಟೇಟ್ ಹಿಡಿದು ಬೆಳಗಿನ ತಂಪಿನಲ್ಲೇ ದಾಟಿ. ತಲೆಗೆ ನಾಲ್ಕು ಲೀಟರ್ ನೀರು ಡಿಕ್ಕಿಯಲ್ಲಿರಲಿ, ಪೆಟ್ರೋಲ್ ಅರ್ಧಕ್ಕೆ ಬಂದಾಗಲೇ ತುಂಬಿಸಿ.

ಮತ್ತೆ ಅಮ್ಮನ ವಿಷಯ. ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲುತ್ತದೆ ಎಂದು ನಿಯಮ ಮಾಡಿ. ಯಾರೂ ಕೇಳಬೇಕಾಗಿಲ್ಲ, ಎಲ್ಲರೂ ಇಳಿಯಬೇಕು, ಎಲ್ಲರೂ ನಾಲ್ಕು ಹೆಜ್ಜೆ ನಡೆಯಬೇಕು, ಎಲ್ಲರೂ ನೀರು ಕುಡಿಯಬೇಕು. ಕೇಳುವ ಕಷ್ಟ ಹೋದರೆ ಅಮ್ಮ ತಾವೇ ಬಾಟಲಿ ಎತ್ತುತ್ತಾರೆ. ಹೆದ್ದಾರಿಯ ರೆಸ್ಟ್ ಏರಿಯಾಗಳಲ್ಲಿ ಶೌಚಾಲಯಕ್ಕೆ ದುಡ್ಡಿಲ್ಲ, ಆದರೆ ನೀರಿನ ವ್ಯವಸ್ಥೆ ನಮ್ಮ ಹಾಗಿರುವುದಿಲ್ಲ. ಅಮ್ಮನ ಬ್ಯಾಗಿನಲ್ಲಿ ಅದಕ್ಕೆಂದೇ ಒಂದು ಬಾಟಲಿ ಇಟ್ಟುಕೊಡಿ. ಇಂಥದ್ದನ್ನು ಮಗಳೇ ಯೋಚಿಸಿ ಮಾಡಬೇಕು, ಅವರು ಕೇಳುವುದಿಲ್ಲ.

ಅಮ್ಮ ಹೊರಡುವ ಮೊದಲೇ ಅವರ ಡಾಕ್ಟರ ಹತ್ತಿರ ಈ ಪ್ರಯಾಣದ ವಿಷಯ ಹೇಳಿ ಕೇಳಬೇಕು. ಎರಡು ಸಾವಿರ ಮೀಟರ್ ಎತ್ತರ ಮೈಗೆ ಆಗುತ್ತದೆಯೇ, ಬಿಪಿ ಮಾತ್ರೆಯಿಂದ ಹೆಚ್ಚು ಮೂತ್ರ ಬರುತ್ತಿದ್ದರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು, ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಬೇಕೇ ಎಂದು. ತಾವಾಗಿಯೇ ಮಾತ್ರೆ ಬಿಡುವುದು ಬೇಡ. ಷಿಕಾಗೋಗೂ ಕ್ಯಾಲಿಫೋರ್ನಿಯಾಗೂ ಗಡಿಯಾರದಲ್ಲಿ ಎರಡು ಗಂಟೆ ವ್ಯತ್ಯಾಸವಿದೆ. ಮಾತ್ರೆ, ಊಟದ ಹೊತ್ತು ಏರುಪೇರಾಗದಂತೆ ಒಂದು ಕೈಗಡಿಯಾರವನ್ನು ಮನೆಯ ಟೈಮಿನಲ್ಲೇ ಬಿಡಿ. ಸಂದರ್ಶಕರ ವಿಮೆ ಕೊಳ್ಳುವಾಗ, ಮೊದಲೇ ಇರುವ ಕಾಯಿಲೆ ದಿಢೀರ್ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆ, ವಯಸ್ಸಿನ ಮಿತಿ ಏನು ಎಂಬುದನ್ನು ಓದಿಯೇ ಸಹಿ ಹಾಕಿ.

ಊಟದ ಚಿಂತೆ ಬೇಡ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಸಣ್ಣ ರೈಸ್ ಕುಕ್ಕರ್ ಇದ್ದರೆ ರಾತ್ರಿ ಮೋಟೆಲ್‌ನಲ್ಲೇ ಬಿಸಿ ಅನ್ನ. ದಾರಿಯ ಎಷ್ಟೋ ಮೋಟೆಲ್‌ಗಳನ್ನು ನಡೆಸುವವರು ಗುಜರಾತಿ ಕುಟುಂಬಗಳು. ಇಂಟರ್‌ಸ್ಟೇಟ್ 40ರಲ್ಲಿ ಪಂಜಾಬಿ ಟ್ರಕ್ ಚಾಲಕರಿಗಾಗಿ ತೆರೆದ ಢಾಬಾಗಳೂ ಸಿಗುತ್ತವೆ. ಮೆಕ್ಸಿಕನ್ ಹೋಟೆಲುಗಳಲ್ಲಿ ಬೀನ್ಸ್‌ಗೆ ಹಂದಿಕೊಬ್ಬು ಹಾಕಿರುವುದುಂಟು, ಕೇಳಿ ತಿನ್ನಿ.

ಸಾಂಟಾ ಮೋನಿಕಾ ಕಡಲಿನಲ್ಲಿ ಕಾಲು ತೊಳೆದ ಮೇಲೆ ಎರಡು ದಿನ ಅಲ್ಲೇ ಇರಿ. ಮಾಲಿಬು ವೆಂಕಟೇಶ್ವರನ ಗುಡಿ ಹತ್ತಿರದಲ್ಲೇ ಇದೆ. ಹೈವೇ 1ರಲ್ಲಿ ಸಾಂಟಾ ಬಾರ್ಬರಾ ತನಕ ಒಂದು ದಿನ ಕಡಲ ಪಕ್ಕ ಹೋಗಿ ಬನ್ನಿ. ನಿಮ್ಮ ಎರಡನೇ ಆಸೆಗೆ ಅಷ್ಟು ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅಪ್ಪಾಜಿ ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಅಮ್ಮನಿಗೆ ಫೋನ್ ಮಾಡಿ. ‘ನಿನಗೆ ಏನು ನೋಡಬೇಕು ಅಂತಿದೆ?’ ಎಂದು ಕೇಳಿ. ಮೊದಲು ‘ನಿಮಗೆ ಬೇಕಾದ್ದೇ ನನಗೂ’ ಎನ್ನುತ್ತಾರೆ. ಅಲ್ಲಿಗೆ ಬಿಡಬೇಡಿ, ಇನ್ನೊಮ್ಮೆ ಕೇಳಿ. ಅವರು ಏನೇ ಹೇಳಲಿ, ಅದಕ್ಕೆ ಒಂದು ದಿನ ಮೀಸಲಿಡಿ, ಅದಕ್ಕಾಗಿ ನನ್ನ ಪಟ್ಟಿಯಲ್ಲಿ ಯಾವುದನ್ನು ಬೇಕಾದರೂ ಕೈಬಿಡಿ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಯ ಜನಜಂಗುಳಿ ತಪ್ಪಿಸಿ, ತಿಂಗಳ ಮೊದಲರ್ಧದಲ್ಲೇ ಹೊರಡಿ. ಗ್ರ್ಯಾಂಡ್ ಕ್ಯಾನ್ಯನ್ ಒಳಗಿನ ಕೋಣೆಗಳು ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಮೊದಲು ಅದು, ಆಮೇಲೆ ರೈಲಿನ ಕೆಳ ಅಂತಸ್ತಿನ ಕೋಣೆ, ಕೊನೆಗೆ ಕಾರು. ಅಪ್ಪಾಜಿಗೆ ಈ ವಾರವೇ ಆರ್‌ಟಿಒಗೆ ಹೋಗಿ ಬರಲು ಹೇಳಿ.